ತುಕ್ಕು ತಿಂದ ಸಿಲ್ ಮತ್ತು ಕೋಟೇಶ್ವರದ ಟಿಂಕರಿಂಗ್ ಶೆಡ್

ನನ್ನದು 2010ರ ಮಾರುತಿ ಸ್ವಿಫ್ಟ್, ಡೀಸೆಲ್. ಅಪ್ಪ ಕೊಂಡ ಕಾರು. ಕುಂದಾಪುರದ ಮನೆಯಿಂದ ಮರವಂತೆಯ ಆಚೆಗಿರುವ ಶಾಲೆಗೆ ನಾನು ದಿನವೂ ಅದರಲ್ಲೇ ಹೋಗಿಬರುತ್ತೇನೆ. ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ. ಪ್ರವಾಸಿಗರು ಇಳಿದು ಫೋಟೊ ತೆಗೆಯುವ ಆ ಹೆದ್ದಾರಿಯಲ್ಲಿ ಉಪ್ಪುಗಾಳಿ ತಗಡಿಗೆ ಏನು ಮಾಡುತ್ತದೆಂಬುದು ನನಗೆ ಈ ವರ್ಷದ ಮಾರ್ಚ್‌ನಲ್ಲಿ ಗೊತ್ತಾಯಿತು.

ಎಡಹಿಂಬದಿಯ ಟಯರು ಪಂಕ್ಚರ್ ಆಗಿತ್ತು. ರಸ್ತೆ ಬದಿಯ ಅಂಗಡಿಯ ಹುಡುಗ ಟ್ರಾಲಿ ಜ್ಯಾಕ್ ತಳ್ಳಿಕೊಂಡು ಬಂದು, ಬಗ್ಗಿಯೂ ನೋಡದೆ, ಬಾಗಿಲ ಕೆಳಗೆ ಸಿಕ್ಕ ಜಾಗಕ್ಕೆ ಕೊಟ್ಟು ಎತ್ತಿದ. ಕಾರು ಮೇಲೇಳಲಿಲ್ಲ, ಜ್ಯಾಕೇ ಒಳಗಿಳಿಯಿತು. ಒಣ ಹಪ್ಪಳ ಮುರಿದಂಥ ಸದ್ದು. ನೆಲದ ಮೇಲೆ ಕಾಫಿಪುಡಿಯಂತೆ ಉದುರಿದ್ದನ್ನು ಕೈಯಲ್ಲಿ ತೆಗೆದುಕೊಂಡೆ: ತುಕ್ಕು, ಪುಟ್ಟಿ, ಕಪ್ಪು ಅಂಡರ್‌ಕೋಟಿನ ಚೂರು.

ಹುಡುಗನನ್ನು ಬೈದು ಪ್ರಯೋಜನವಿರಲಿಲ್ಲ. ಜ್ಯಾಕ್ ಕೊಡಬೇಕಾದ ಜಾಗ ಬೇರೆಯೇ ಇದೆ, ನಿಜ. ಮುಂದಿನ ಚಕ್ರದ ಹಿಂದೆ ಮತ್ತು ಹಿಂದಿನ ಚಕ್ರದ ಮುಂದೆ, ಬಾಗಿಲುಗಳ ಕೆಳಗೆ ಉದ್ದಕ್ಕೆ ಹೋಗುವ ತಗಡಿನ ಭಾಗದ, ಅಂದರೆ ಸಿಲ್‌ನ, ಕೆಳ ಅಂಚಿನಲ್ಲಿ ಎರಡೆರಡು ಕಚ್ಚುಗಳಿರುತ್ತವೆ. ಅವುಗಳ ನಡುವಿನ ಭಾಗ ಮಾತ್ರ ಭಾರ ಹೊರುವಷ್ಟು ಗಟ್ಟಿ. ಆದರೆ ನನ್ನ ಕಾರಿನಲ್ಲಿ ಆ ಭಾಗವೂ ಉಳಿದಿರಲಿಲ್ಲ.

ಮೊದಲು ಹೋದದ್ದು ದೊಡ್ಡ ಸರ್ವಿಸ್ ಕೇಂದ್ರವೊಂದಕ್ಕೆ. ಇಡೀ ಬದಿಯ ಪ್ಯಾನೆಲ್ ಬದಲಿಸಬೇಕು, 58,000 ರೂಪಾಯಿ ಎಂದರು. ಒಳಗಿನ ತಗಡು ಹೇಗಿದೆ ಎಂದು ಕೇಳಿದರೆ, ಬಿಚ್ಚಿದ ಮೇಲೆ ನೋಡೋಣ ಎಂಬ ಉತ್ತರ. ಸಹೋದ್ಯೋಗಿಯೊಬ್ಬರು ಕಾರಿನ ತಗಡು ಕೆಲಸ ಮಾಡುವ ಕೋಟೇಶ್ವರದ ಈ ಶೆಡ್‌ನ ಹೆಸರು ಹೇಳಿದರು. ಹೆಸರು ಎಂದರೂ ಬೋರ್ಡ್ ಇಲ್ಲ. ಹೆದ್ದಾರಿಯಿಂದ ಒಳಗಿಳಿದರೆ ತೆಂಗಿನ ತೋಟದ ಅಂಚಿನಲ್ಲಿ ಸಿಮೆಂಟ್ ಶೀಟಿನ ಮಾಡು, ಮೂರು ಕಾರು ನಿಲ್ಲುವ ಜಾಗ, ಮಾಲೀಕರು ಮತ್ತು ಇಬ್ಬರು ಸಹಾಯಕರು.

ಮಾಲೀಕರು ಮಾತಾಡುವ ಮೊದಲು ಒಂದು ಪುಟ್ಟ ಸುತ್ತಿಗೆ ತೆಗೆದುಕೊಂಡು, ಮಂಡಿಯೂರಿ, ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ಸಿಲ್ ಅನ್ನು ಬಡಿಯುತ್ತ ಹೋದರು. ಟಣ್, ಟಣ್ ಎಂದು ಬರುತ್ತಿದ್ದ ಸದ್ದು ಎರಡು ಬಾಗಿಲುಗಳ ನಡುವಿನ ಕಂಬದ ಹತ್ತಿರ ಡಬ್ ಎಂದು ಸತ್ತಿತು. ಅಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದರು. ಇನ್ನೂ ಮುಂದೆ ಹೋಗಿ ಮತ್ತೊಂದು ಗೆರೆ. ನಡುವಿನದೆಲ್ಲ ಹೋಗಿದೆ, ಗೆರೆಯ ಆಚೆಗೂ ಒಂದು ಗೇಣು ಕತ್ತರಿಸಬೇಕಾದೀತು, ಒಳ್ಳೆಯ ತಗಡು ಸಿಗುವವರೆಗೆ ನಾನು ನಿಲ್ಲಿಸುವುದಿಲ್ಲ ಎಂದರು. ಆ ಮಾತಿಗೇ ನಾನು ಕೀಲಿ ಕೊಟ್ಟುಬಂದೆ.

ಶಾಲೆಗೆ ಬೇಸಿಗೆ ರಜೆ ಇದ್ದುದರಿಂದ ಹೆಚ್ಚಿನ ದಿನಗಳಲ್ಲಿ ಹೋಗಿ ಕುಳಿತು ನೋಡಿದೆ. ಹೊರ ತಗಡನ್ನು ಗ್ರೈಂಡರಿನಿಂದ ಕತ್ತರಿಸಿ ತೆಗೆದ ದಿನದ ದೃಶ್ಯ ಮರೆಯುವಂಥದ್ದಲ್ಲ. ಕೆಲವು ವರ್ಷಗಳ ಹಿಂದೆ ಬೇರೊಂದು ಕಡೆ ಇದೇ ಬದಿಗೆ ರಿಪೇರಿ ಮಾಡಿಸಿದ್ದೆವು. ಅವರು ತೂತಿಗೆ ಸ್ಪಂಜು ಮತ್ತು ಮುದುಡಿದ ವೃತ್ತಪತ್ರಿಕೆ ತುರುಕಿ, ಮೇಲೆ ಹೋಳಿಗೆಯಷ್ಟು ದಪ್ಪಕ್ಕೆ ಪುಟ್ಟಿ ಎಳೆದು, ಬಣ್ಣ ಹೊಡೆದು, ಅಡಿಗೆ ರಬ್ಬರ್ ಕೋಟಿಂಗ್ ಬಳಿದಿದ್ದರು. ಆ ಪತ್ರಿಕೆಯ ಉಂಡೆ ಏಪ್ರಿಲ್‌ನ ಬಿಸಿಲಿನಲ್ಲೂ ಒದ್ದೆಯಾಗಿತ್ತು. ಅಪ್ಪ ಹಣ ಕೊಟ್ಟು ನಂಬಿದ್ದ ಕೆಲಸ ಅದು. ನನಗೆ ಸಿಟ್ಟಿಗಿಂತ ಸಂಕಟವೇ ಹೆಚ್ಚಾಯಿತು.

ಸಿಲ್ ಎಂದರೆ ಬಾಗಿಲ ಕೆಳಗಿನ ಅಲಂಕಾರದ ಪಟ್ಟಿಯಲ್ಲ. ಇಂಥ ಕಾರುಗಳಿಗೆ ಪ್ರತ್ಯೇಕ ಚಾಸಿ ಇರುವುದಿಲ್ಲ, ಮುಂಭಾಗವನ್ನೂ ಹಿಂಭಾಗವನ್ನೂ ಹಿಡಿದಿಡುವ ತೊಲೆಗಳಲ್ಲಿ ಇದೂ ಒಂದು. ಹೊರ ತಗಡು, ಒಳ ತಗಡು ಸೇರಿಸಿ ಮಾಡಿದ ಟೊಳ್ಳು ಪೆಟ್ಟಿಗೆ. ಒಳಗೆ ಸೇರಿದ ನೀರು ಹೋಗಲು ಅಡಿಯಲ್ಲಿ ಸಣ್ಣ ರಂಧ್ರಗಳಿರುತ್ತವೆ. ನಮ್ಮ ಕೆಂಪು ಮುರಕಲ್ಲಿನ ಮಣ್ಣು ಅವುಗಳಿಗೆ ಬಿರಡೆ ಹಾಕುತ್ತದೆ. ಆಮೇಲೆ ಮಳೆಗಾಲವಿಡೀ ನೀರು ಒಳಗೇ ನಿಲ್ಲುತ್ತದೆ. ಮೇಲಿಂದ ಕಪ್ಪು ಕೋಟಿಂಗ್ ಬಳಿದರೆ ತುಕ್ಕಿಗೆ ಕಂಬಳಿ ಹೊದೆಸಿದಂತೆ. ಹಿಂಬಾಗಿಲನ್ನು ಜೋರಾಗಿ ಎಳೆದು ಹಾಕಬೇಕಾಗುತ್ತಿದ್ದುದೇಕೆ ಎಂದೂ ಆಗ ಹೊಳೆಯಿತು. ಸಿಲ್ ಬಗ್ಗಿತ್ತು, ಬಾಗಿಲಿನ ಸಂದು ಬದಲಾಗಿತ್ತು.

ಈ ಶೆಡ್‌ನಲ್ಲಿ ನಾನು ಮೆಚ್ಚಿದ್ದು ಕೆಲಸದ ಕ್ರಮ. ಬ್ಯಾಟರಿಯ ನೆಗೆಟಿವ್ ಕಳಚಿದರು. ಸೀಟು, ಕಾರ್ಪೆಟ್, ಅದರಡಿಯ ವೈರುಗಳನ್ನು ಪಕ್ಕಕ್ಕೆ ಸರಿಸಿದರು. ಹತ್ತಿರದಲ್ಲೇ ಒದ್ದೆ ಗೋಣಿಚೀಲ, ಅಗ್ನಿಶಾಮಕ ಸಿಲಿಂಡರ್. ಕತ್ತರಿಸುವಾಗ ಕಾರಿನ ಭಾರ ಚಕ್ರಗಳ ಮೇಲೆಯೇ ಇರುವಂತೆ ನಿಲ್ಲಿಸಿದ್ದರು. ಜ್ಯಾಕ್ ಮೇಲೆ ತೂಗಾಡಿಸಿ ವೆಲ್ಡ್ ಮಾಡಿದರೆ ಬಾಗಿದ ಸ್ಥಿತಿಯಲ್ಲೇ ಬೆಸುಗೆಯಾಗಿಬಿಡುತ್ತದೆ ಎಂದು ವಿವರಿಸಿದರು. ಬಾಗಿಲ ಚೌಕಟ್ಟಿನ ಮೂಲೆಯಿಂದ ಮೂಲೆಗೆ ಅಳತೆ ತೆಗೆದು ಗೋಡೆಯ ಮೇಲೆ ಬರೆದಿಟ್ಟರು.

ಒಳ ತಗಡಿನ ಕೊಳೆತ ಭಾಗಕ್ಕೆ ಮೊದಲು ತೇಪೆ, ನಂತರ ಹೊರಗಿನದು. ಎರಡಕ್ಕೂ 1 ಮಿಲಿಮೀಟರ್ ಸಿಆರ್ (ಕೋಲ್ಡ್ ರೋಲ್ಡ್) ಉಕ್ಕಿನ ತಗಡು, ಹಳೆಯ ತುಂಡನ್ನೇ ಅಚ್ಚಾಗಿಟ್ಟು ಬಗ್ಗಿಸಿದ್ದು. ಕೆಳ ಅಂಚಿನಲ್ಲಿ ಸುಮಾರು ಒಂದೂವರೆ ಇಂಚಿಗೊಂದರಂತೆ ರಂಧ್ರ ಕೊರೆದು, ಆ ರಂಧ್ರಗಳನ್ನು ಮಿಗ್ ವೆಲ್ಡಿಂಗ್‌ನಿಂದ (ಗ್ಯಾಸ್‌ನ ರಕ್ಷಣೆಯಲ್ಲಿ ತಂತಿ ಕರಗಿಸಿ ಮಾಡುವ ಬೆಸುಗೆ) ತುಂಬಿದರು. ಕಾರ್ಖಾನೆಯ ಸ್ಪಾಟ್ ವೆಲ್ಡ್‌ಗೆ ಬದಲಿ ಅದು. ಉದ್ದ ಗೆರೆಗಳಲ್ಲಿ ಒಂದಿಂಚು ಇಲ್ಲಿ, ಒಂದಿಂಚು ಅಲ್ಲಿ, ಮಧ್ಯೆ ಆರಲು ಬಿಟ್ಟು. ಅವಸರ ಮಾಡಿದರೆ ತಗಡು ಅಲೆಯಾಗುತ್ತದೆ. ಕೊನೆಯ ಟಾಕೆ ಹಾಕಿದ ಮೇಲೆ ಗೋಡೆಯ ಮೇಲಿನ ಅಳತೆಯೊಂದಿಗೆ ಮತ್ತೆ ಹೋಲಿಸಿ, ನನ್ನನ್ನು ಕರೆದು ಬಾಗಿಲು ಹಾಕಿ ನೋಡಿ ಎಂದರು. ಎರಡು ಬೆರಳಲ್ಲಿ ತಳ್ಳಿದೆ. ಕ್ಲಿಕ್ ಎಂದು ಕೂತಿತು. ಕಾರು ಹೊಸದಿದ್ದಾಗ ಅಪ್ಪ ಹಾಗೆಯೇ ಬಾಗಿಲು ಹಾಕುತ್ತಿದ್ದರು.

ಕೊರತೆಗಳನ್ನೂ ಹೇಳಬೇಕು. ಒಂಬತ್ತು ದಿನ ಎಂದದ್ದು ಹದಿನೈದು ದಿನವಾಯಿತು. ಸಿಲ್‌ನ ಹೊಸ ಬಣ್ಣ ಬಾಗಿಲಿನ ಬೆಳ್ಳಿ ಬಣ್ಣಕ್ಕಿಂತ ಒಂದು ಛಾಯೆ ಗಾಢವಾಗಿದೆ, ಬಿಸಿಲಿನಲ್ಲಿ ಕಾಣುತ್ತದೆ. ಬಿಲ್ ಕೇಳಿ ಬರೆಸಿಕೊಳ್ಳಬೇಕು. ಒಳಗೆ ಏನು ಹಾಕುತ್ತೀರಿ ಎಂದಾಗ, ನಮ್ಮೂರಿನ ಹಳೆಯ ಪದ್ಧತಿಯಂತೆ ಬಳಸಿದ ಎಂಜಿನ್ ಆಯಿಲ್ ಸ್ಪ್ರೇ ಮಾಡಿಬಿಡೋಣ ಎಂದರು. ನಾನು ಒಪ್ಪಲಿಲ್ಲ. ಅದು ರಬ್ಬರ್ ಬುಶ್‌ಗಳನ್ನು ಕೆಡಿಸುತ್ತದೆ, ಮೊದಲ ಮಳೆಗೆ ತೊಳೆದು ಗದ್ದೆಗೆ ಇಳಿಯುತ್ತದೆ. ಮಂಗಳೂರಿನಿಂದ ಕ್ಯಾವಿಟಿ ವ್ಯಾಕ್ಸ್‌ನ, ಅಂದರೆ ಟೊಳ್ಳು ಭಾಗದೊಳಗೆ ತುಕ್ಕು ತಡೆಯಲು ಸಿಂಪಡಿಸುವ ಮೇಣದ, ಎರಡು ಕ್ಯಾನ್ ತರಿಸಿಕೊಟ್ಟೆ. ಅವರು ಅದನ್ನು ಈ ಮೊದಲು ಬಳಸಿರಲಿಲ್ಲ, ಆದರೂ ಕ್ಯಾನಿನ ಮೇಲಿನ ಸೂಚನೆಯನ್ನು ಓದಿಸಿಕೊಂಡು, ವೆಲ್ಡಿಂಗ್ ಮತ್ತು ಬಣ್ಣ ಎರಡೂ ಮುಗಿದ ಮೇಲೆ, ಉದ್ದನೆಯ ನಳಿಗೆಯನ್ನು ಸಿಲ್‌ನೊಳಗೆ ತುದಿಯವರೆಗೆ ತೂರಿಸಿ ಮೆಲ್ಲನೆ ಹಿಂದಕ್ಕೆಳೆಯುತ್ತ ಸಿಂಪಡಿಸಿದರು. ಎರಡು ದಿನ ಅಡಿಯ ರಂಧ್ರಗಳಿಂದ ಜೇನುಬಣ್ಣದ ಹನಿ ಸೋರಿತು. ಸೋರಿದ್ದು ನಿಂತ ಮೇಲೆ ತಂತಿ ಹಾಕಿ ರಂಧ್ರಗಳನ್ನು ಬಿಡಿಸಿದೆವು. ವ್ಯಾಕ್ಸ್ ಅವುಗಳನ್ನು ಮುಚ್ಚಿಬಿಟ್ಟರೆ ಹಾಕಿದ್ದೂ ವ್ಯರ್ಥ.

ಒಟ್ಟು ಖರ್ಚು 16,800 ರೂಪಾಯಿ: ಕೂಲಿ 11,000, ತಗಡು ಮತ್ತು ಗ್ಯಾಸ್ 2,300, ಬಣ್ಣ 3,500. ವ್ಯಾಕ್ಸ್‌ಗೆ ನಾನು ಪ್ರತ್ಯೇಕವಾಗಿ 1,300 ಕೊಟ್ಟೆ. ಜೊತೆಗೆ 320 ರೂಪಾಯಿಗೆ ನಡುವೆ ಸೀಳಿರುವ ರಬ್ಬರ್ ಜ್ಯಾಕ್ ಪ್ಯಾಡ್ ಒಂದನ್ನು ಆನ್‌ಲೈನ್‌ನಲ್ಲಿ ಕೊಂಡೆ. ಸಿಲ್‌ನ ಅಂಚು ಆ ಸೀಳಿನೊಳಗೆ ಕೂರುತ್ತದೆ, ಭಾರ ಅಂಚಿನ ಮೇಲೆ ಬೀಳದೆ ಎರಡೂ ಬದಿಯ ಸಮತಟ್ಟು ಜಾಗಕ್ಕೆ ಹಂಚಿಹೋಗುತ್ತದೆ. ಸೀಳಿನ ಆಳ ನಿಮ್ಮ ಕಾರಿನ ಅಂಚಿಗಿಂತ ಕಡಿಮೆಯಿದ್ದರೆ ಪ್ಯಾಡ್ ಇದ್ದೂ ಇಲ್ಲದಂತೆ. ಅಂಚಿನ ಎತ್ತರವನ್ನು ಸ್ಕೇಲ್ ಹಿಡಿದು ಅಳೆದ ಮೇಲೆಯೇ ಕೊಳ್ಳಿ. ನನ್ನದು ಈಗ ಸ್ಟೆಪ್ನಿಯ ಪಕ್ಕದಲ್ಲೇ ಇರುತ್ತದೆ. ಪಂಕ್ಚರ್ ಅಂಗಡಿಯಲ್ಲಿ ಅದನ್ನು ಕೈಗೆ ಕೊಟ್ಟು, ಕಚ್ಚುಗಳ ನಡುವೆ ಹಳದಿ ಬಣ್ಣದಲ್ಲಿ ನಾನು ಹಾಕಿರುವ ಗುರುತು ತೋರಿಸುತ್ತೇನೆ. ಇದುವರೆಗೆ ಯಾರೂ ಬೇಸರಿಸಿಲ್ಲ.

ಜೂನ್‌ನಿಂದ ಆಗಸ್ಟ್‌ವರೆಗೆ ಕಾರು ಮಳೆಯಲ್ಲೇ ಓಡಿದೆ. ಚೌತಿಯ ನಂತರ ಸಿಲ್‌ನ ರಬ್ಬರ್ ಬಿರಡೆ ತೆಗೆದು ಟಾರ್ಚ್ ಬಿಟ್ಟು ನೋಡಿದೆ. ವ್ಯಾಕ್ಸ್ ಪದರ ಎಲ್ಲೂ ಒಡೆದಿಲ್ಲ, ಒಳಗೆ ನೀರು ನಿಂತಿಲ್ಲ. ಒಂದು ರಂಧ್ರದಲ್ಲಿ ಮಣ್ಣು ಕಟ್ಟಿತ್ತು, ಕಡ್ಡಿಯಿಂದ ಬಿಡಿಸಿದೆ.

ಕಾರಿಗೆ ನವೆಂಬರ್‌ನಲ್ಲಿ 15 ವರ್ಷ ತುಂಬುತ್ತದೆ, ನೋಂದಣಿ ನವೀಕರಣಕ್ಕೆ ಆರ್‌ಟಿಒ ತಪಾಸಣೆಗೆ ಒಯ್ಯಬೇಕು. ಬಲಬದಿಯನ್ನು ಮಾಲೀಕರು ಸುತ್ತಿಗೆಯಿಂದ ಬಡಿದು ನೋಡಿದ್ದಾರೆ. ಹಿಂದಿನ ಚಕ್ರದ ಹತ್ತಿರ ಒಂದು ಅಂಗೈ ಅಗಲದಷ್ಟು ಜಾಗದಲ್ಲಿ ಸದ್ದು ಸತ್ತಿದೆ. ದಸರಾ ರಜೆಯಲ್ಲಿ ಮತ್ತೆ ಅಲ್ಲಿಗೇ ಬಿಡುತ್ತಿದ್ದೇನೆ. ಹೋಗುವವರು ಬೆಳಿಗ್ಗೆ ಒಂಬತ್ತರೊಳಗೆ ಹೋಗಿ. ಗ್ರೈಂಡರ್ ಶುರುವಾದ ಮೇಲೆ ಅವರಿಗೆ ಫೋನ್ ಕೇಳಿಸುವುದಿಲ್ಲ.