ಬಿಲ್ಲಿನಲ್ಲಿ ವಾಟರ್ ಪಂಪ್ ಇತ್ತು, ಕೂಲಂಟ್ ಇರಲಿಲ್ಲ

ಹುಬ್ಬಳ್ಳಿ-ಧಾರವಾಡದ ಕಡೆ ಹಳೆಯ ಟರ್ಬೊ ಪೆಟ್ರೋಲ್ ಗಾಡಿ ಇಟ್ಟುಕೊಂಡವರು, ಅದರಲ್ಲೂ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಇರುವವರು, ಟೈಮಿಂಗ್ ಬೆಲ್ಟ್ (ಎಂಜಿನ್ನಿನ ಪಿಸ್ಟನ್, ವಾಲ್ವುಗಳ ಓಟವನ್ನು ತಾಳಕ್ಕೆ ಹೊಂದಿಸುವ ಬೆಲ್ಟ್) ಕೆಲಸಕ್ಕೆ ಗಾಡಿ ಬಿಡುವ ಮುಂಚೆ ಇದನ್ನೊಮ್ಮೆ ಓದಿ. ನನ್ನ ಎಂಜಿನ್ ಹೋಯಿತು. ಬೆಲ್ಟ್ ಹಳತಾಗಿ ಹೋದದ್ದಲ್ಲ. ಹೊಸ ಬೆಲ್ಟ್ ಹಾಕಿಸಿ ಒಂದು ಮಳೆಗಾಲ ಕಳೆಯುವುದರೊಳಗೇ ಹೋಯಿತು.

ಗಾಡಿ ಗೊತ್ತಿಲ್ಲದವರಿಗೆ ಎರಡು ಮಾತು. 2004ರ ಸುಮಾರಿಗೆ ನಮ್ಮ ದೇಶಕ್ಕೆ ಬಂದ ಕಾರು ಇದು. 1.8 ಲೀಟರ್ ಟರ್ಬೊ ಎಂಜಿನ್, 150 ಬಿಎಚ್‌ಪಿ. ನಾಲ್ಕು ಬಾಗಿಲು, ದೊಡ್ಡ ಡಿಕ್ಕಿ, ಬೀಗರ ಊರಿಗೆ ಹೋಗುವ ಕಾರಿನ ಥರ ಕಾಣುತ್ತದೆ. ಟರ್ಬೊ ಎದ್ದಾಗ ಮಾತ್ರ ಬೇರೆಯೇ ಗಾಡಿ. ಒಂದೊಂದು ಸಿಲಿಂಡರಿಗೆ 5 ವಾಲ್ವ್, ಒಟ್ಟು 20. ಬೆಲ್ಟ್ ಕೆಲವೇ ಹಲ್ಲು ಜಾರಿದರೂ ಸಾಕು, ಮೇಲೆ ಬರುವ ಪಿಸ್ಟನ್ ತೆರೆದಿರುವ ವಾಲ್ವಿಗೆ ಬಡಿಯುತ್ತದೆ. ಆಮೇಲೆ ಹೆಡ್ (ವಾಲ್ವುಗಳಿರುವ ಎಂಜಿನ್ನಿನ ಮೇಲ್ಭಾಗ) ಬಿಚ್ಚದೆ ಗತಿಯಿಲ್ಲ.

15 ವರ್ಷದ ಆರ್‌ಸಿ ಮುಗಿದಿತ್ತು. ಮುಂದಿನ 5 ವರ್ಷಕ್ಕೆ ರಿನ್ಯೂ ಮಾಡಿಸಿ, ಇನ್ನು ಗಾಡಿಯನ್ನು ಸರಿಯಾಗಿ ಎತ್ತೋಣ ಎಂದುಕೊಂಡಿದ್ದೆ. ಸಸ್ಪೆನ್ಷನ್, ಬ್ರೇಕ್, ಆಮೇಲೆ ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸಿ ಶಕ್ತಿ ಹೆಚ್ಚಿಸುವುದು). ಅದಕ್ಕೂ ಮೊದಲು ಟೈಮಿಂಗ್ ಕೆಲಸ. ಜರ್ಮನ್ ಗಾಡಿಗಳಿಗೆ ಹೆಸರಾದ ಹುಬ್ಬಳ್ಳಿಯ ಒಂದು ಗ್ಯಾರೇಜಿಗೆ ಬಿಟ್ಟೆ. ಬೆಲ್ಟ್, ಅದನ್ನು ಬಿಗಿಯಾಗಿಡುವ ಟೆನ್ಷನರ್, ರೋಲರ್, ವಾಟರ್ ಪಂಪ್ ಎಲ್ಲಾ ಬದಲಿಸಬೇಕು ಎಂದು ಬರೆದೇ ಕೊಟ್ಟಿದ್ದೆ. ಎಂಜಿನ್ ತಣ್ಣಗಿಡುವ ದ್ರವವಾದ ಕೂಲಂಟನ್ನು ಸುತ್ತಿಸುವುದು ಈ ಪಂಪು, ಈ ಎಂಜಿನ್ನಿನಲ್ಲಿ ಅದನ್ನು ತಿರುಗಿಸುವುದೂ ಅದೇ ಬೆಲ್ಟ್. ಪಂಪ್ ಬೇರಿಂಗ್ ಹೋದರೆ ಹೊಸ ಬೆಲ್ಟ್ ಇದ್ದೂ ಸುಮ್ನೆ.

ಬಿಲ್ ಬಂತು. ನಾಲ್ಕೂ ಐಟಂ ಅದರಲ್ಲಿದ್ದವು. ಹಳೆ ಸಾಮಾನು ಎಲ್ಲಿ ಎಂದು ಕೇಳಿದರೆ, "ಅವನ್ನ ಗುಜರಿಗೆ ಹಾಕಿಬಿಟ್ವಿರಿ ಸರ. ಎಲ್ಲಾ ಹೊಸಾವ ಹಾಕೇವಿ, ಚಿಂತಿ ಬ್ಯಾಡ್ರಿ" ಎಂದರು.

ಮಳೆ ಶುರುವಾದ ಮೇಲೆ ಬೆಳಗಿನ ಹೊತ್ತು ಸ್ಟಾರ್ಟ್ ಮಾಡಿದರೆ ಬಲಗಡೆಯಿಂದ ಕುಂಯ್ ಎನ್ನುವ ಸಣ್ಣ ಸದ್ದು. ಕೂಲಂಟ್ ಬಾಟಲಿಯಲ್ಲಿ ಮಟ್ಟ ಸ್ವಲ್ಪ ಸ್ವಲ್ಪ ಇಳಿಯುತ್ತಿತ್ತು. ಗಾಡಿ ಒಯ್ದು ತೋರಿಸಿದೆ. ಬಾನೆಟ್ ಎತ್ತಿ ಕಿವಿ ಕೊಟ್ಟ ಶಾಸ್ತ್ರ ಮಾಡಿ, "ಆಲ್ಟರ್ನೇಟರ್ ಬೆಲ್ಟ್ ಸದ್ದ್ರೀ ಅದು, ಮಳ್ಯಾಗ ಹಂಗ ಆಗತೈತಿ" ಎಂದು ಕಳಿಸಿದರು. ಕೂಲಂಟಿಗೆ ಮೇಲಿಂದ ನೀರು ಸುರಿದರು. ಅದೇ ಸಲ ರೀಮ್ಯಾಪ್ ಮಾಡಿಸಿಕೊಳ್ಳಿ, ಆಫರ್ ಇದೆ ಎಂದು ಬೇರೆ ಹೇಳಿದರು. ಪುಣ್ಯಕ್ಕೆ ಅದಕ್ಕೆ ದುಡ್ಡು ಹಾಕಿರಲಿಲ್ಲ.

ಹಾವೇರಿಗೆ ಹೋಗುವಾಗ ವರೂರಿನ ನವಗ್ರಹ ತೀರ್ಥ ದಾಟಿದ ಮೇಲೆ ಟೆಂಪರೇಚರ್ ಮುಳ್ಳು ಮೇಲೇಳಿತು. ಬದಿಗೆ ತೆಗೆಯುವಷ್ಟರಲ್ಲಿ ಟಕಟಕ ಎಂದು ಎಂಜಿನ್ ಬಂದ್. ಕೀ ತಿರುಗಿಸಿದರೆ ಸ್ಟಾರ್ಟರ್ ಯಾವ ತಡೆಯೂ ಇಲ್ಲದೆ ಸುಯ್ಯನೆ ತಿರುಗಿತು. ಕಂಪ್ರೆಶನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಹೋಗಿದೆ ಎಂದರ್ಥ. ಹಾಗೆ ತಿರುಗಿದರೆ ಇನ್ನೊಮ್ಮೆ ಸ್ಟಾರ್ಟ್ ಮಾಡಲು ಹೋಗಬೇಡಿ, ಉಳಿದ ವಾಲ್ವೂ ಹೋಗುತ್ತವೆ. ಟೋ ಮಾಡಿಸಿ.

ಈ ಸಲ ಧಾರವಾಡದ ಒಬ್ಬ ಹಿರಿಯ ಮಿಸ್ತ್ರಿ ಹತ್ತಿರ ಒಯ್ದೆ. ಕವರ್ ಬಿಚ್ಚುವಾಗ ನಾನೂ ಪಕ್ಕದಲ್ಲೇ ಇದ್ದೆ. ಬೆಲ್ಟ್ ನಿಜವಾಗಿಯೂ ಹೊಸದು, ಮೇಲಿನ ಅಕ್ಷರ ಕೂಡ ಮಾಸಿರಲಿಲ್ಲ. ಒಂದು ಅಂಚು ಮಾತ್ರ ನಾರುನಾರಾಗಿ ಕಿತ್ತುಬಂದಿತ್ತು. ಪಂಪಿನ ಪುಲ್ಲಿಯನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿದರು, ಅಲುಗುವ ಹಲ್ಲಿನಂತೆ ಆಚೀಚೆ ಆಡಿತು. ಪಂಪಿನ ಬೋಲ್ಟುಗಳ ತಲೆಯ ಮೇಲೆ ವರ್ಷಗಳ ಕೊಳೆ ಗಟ್ಟಿಯಾಗಿ ಕೂತಿತ್ತು. ಒಂದಕ್ಕೂ ಸ್ಪ್ಯಾನರ್ ತಾಗಿದ ಗುರುತಿಲ್ಲ. ಟೆನ್ಷನರ್ ಕೂಡ ಹಳೆಯದೇ. ಬೇರಿಂಗ್ ಸಡಿಲಾಗಿ, ಬೆಲ್ಟ್ ಓರೆಯಾಗಿ ಓಡಿ, ಹಲ್ಲು ಜಾರಿತ್ತು.

"ಬಿಲ್ ತೋರ್ಸ್ರಿ" ಎಂದರು ಮಿಸ್ತ್ರಿ. ಮೇಲಿಂದ ಕೆಳಗೆ ಬೆರಳಾಡಿಸಿ, "ಕೂಲಂಟ್ ಎಲ್ಲೈತ್ರಿ ಇದ್ರಾಗ?" ಎಂದು ಕೇಳಿದರು.

ಕಳ್ಳತನ ಸಿಕ್ಕಿಬಿದ್ದದ್ದು ಇಲ್ಲೇ. ಪಂಪ್ ಬಿಚ್ಚಿದರೆ ಕೂಲಂಟ್ ಇಳಿದುಹೋಗುತ್ತದೆ, ಮತ್ತೆ ತುಂಬಲೇಬೇಕು. ಹೊಸ ಪಂಪ್ ಹಾಕಿದವರು ಹೊಸ ಕೂಲಂಟಿನ ದುಡ್ಡು ಬಿಡುತ್ತಾರಾ? ಈ ಗಾಡಿಗೆ ಬರುವ ಜಿ12 ಕೂಲಂಟ್ ಗುಲಾಬಿ ಬಣ್ಣದ್ದು. ಕೆಲಸ ಆದ ಮೇಲೂ ಬಾಟಲಿಯಲ್ಲಿ ಹಳೆಯ ಕಂದು ನೀರೇ ಇದ್ದರೆ ಪಂಪ್ ಮುಟ್ಟಿಲ್ಲ ಎಂದೇ ತಿಳಿಯಿರಿ. ಎಂಜಿನ್ನನ್ನು ಹಿಡಿದಿಡುವ ಮೌಂಟಿನ ಬೋಲ್ಟೂ ಹಾಗೆಯೇ. ಬೆಲ್ಟ್ ತೆಗೆಯಲು ಬಲಬದಿಯ ಮೌಂಟ್ ಬಿಚ್ಚಬೇಕು, ಆ ಬೋಲ್ಟುಗಳು ಒಮ್ಮೆ ಬಿಗಿ ಮಾಡಿದರೆ ಮುಗಿಯಿತು, ಮತ್ತೆ ಹಾಕುವಾಗ ಹೊಸವು ಬೇಕು. ನನ್ನ ಬಿಲ್ಲಿನಲ್ಲಿ ಅವೂ ಇಲ್ಲ.

ಹಾಗಾಗಿ ಗಾಡಿ ಬಿಡುವಾಗಲೇ ಜಾಬ್ ಕಾರ್ಡಿನ ಮೇಲೆ "ಹಳೆ ಸಾಮಾನು ವಾಪಸ್" ಎಂದು ಬರೆಸಿ ಸಹಿ ಹಾಕಿಸಿಕೊಳ್ಳಿ. ಸಾಧ್ಯವಾದರೆ ಕಿಟ್ ನೀವೇ ತಂದುಕೊಡಿ. ಪಂಪ್ ಕೂರಿಸಿ ಕವರ್ ಮುಚ್ಚುವ ಮುಂಚೆ ಹೋಗಿ ಒಂದು ಫೋಟೋ ಹೊಡೆದುಕೊಳ್ಳಿ. ಒಳಗೆ ಬರಬೇಡಿ ಎಂದರೆ ಗಾಡಿ ವಾಪಸ್ ತನ್ನಿ, ಬೇರೆ ಗ್ಯಾರೇಜ್ ಇವೆ.

ಇನ್ಶೂರೆನ್ಸ್ ನಂಬಬೇಡಿ. ಇದು ಮೆಕ್ಯಾನಿಕಲ್ ಬ್ರೇಕ್‌ಡೌನ್, ಸಾಮಾನ್ಯ ಪಾಲಿಸಿಯಲ್ಲಿ ಬರುವುದಿಲ್ಲ. ಗ್ರಾಹಕ ಆಯೋಗದ ದಾರಿ ಇದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ 2 ವರ್ಷದೊಳಗೆ ದೂರು ಕೊಡಬೇಕು. ನಾವು ಕೊಟ್ಟ ದುಡ್ಡು 5 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗದಲ್ಲಿ ಫೀ ಇಲ್ಲ. ವಕೀಲರನ್ನು ಹಿಡಿಯಲೇಬೇಕೆಂದೂ ಇಲ್ಲ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದರೆ ಹೇಗೆ ಮುಂದುವರಿಯಬೇಕು ಎಂದು ಹೇಳುತ್ತಾರೆ. ಗಾಡಿ ಬಿಚ್ಚುವಾಗಿನ ವಿಡಿಯೋ, ಎರಡೂ ಕಡೆಯ ಬಿಲ್, ಆ ಹಳೆ ಪಂಪ್ ಎಲ್ಲವನ್ನೂ ಇಟ್ಟುಕೊಂಡಿದ್ದೇನೆ. ಪಂಪ್ ನೋಡಿ ಮನೆಯವರು ಈ ಗುಜರಿ ಯಾಕೆ ಶೋಕೇಸ್ ಹತ್ತಿರ ಎಂದು ಬೈಯುತ್ತಿದ್ದಾರೆ, ಅದು ಬೇರೆ ಮಾತು.

ಹೆಡ್ ಈಗ ಮಷಿನ್ ಶಾಪಿನಲ್ಲಿದೆ. ವಾಲ್ವುಗಳು ಬಾಗಿವೆ, ವಾಲ್ವ್ ಓಡಾಡುವ ಗೈಡ್‌ಗಳ ಸ್ಥಿತಿ ಇನ್ನೂ ನೋಡಬೇಕು. ದೂರು ಹಾಕುತ್ತಿರುವುದರಿಂದ ಗ್ಯಾರೇಜಿನ ಹೆಸರು ಇಲ್ಲಿ ಬರೆದಿಲ್ಲ.