ನಾಕು ಕಡ್ಡಿ ಇದ್ದಾಗಲೇ ನಿಲ್ಲುವ ಬಗ್ಗಿ: 51.2 ವೋಲ್ಟ್ ಲಿಥಿಯಂ ಕಿಟ್ ಕೊಳ್ಳುವ ಮುನ್ನ

ದಕ್ಷಿಣ ಗೋವಾದ ರೆಸಾರ್ಟ್‌ಗಳಲ್ಲಿ ಬಗ್ಗಿ (ಅತಿಥಿಗಳನ್ನು ಕರೆದೊಯ್ಯುವ ಬ್ಯಾಟರಿ ಗಾಡಿ) ಓಡಿಸುವ ನಮ್ಮ ಹಾವೇರಿ, ವಿಜಯಪುರ ಕಡೆಯ ಹುಡುಗರು ಲಿಥಿಯಂ ಹಾಕಿಸಿದ ಮೊದಲ ವಾರದಲ್ಲೇ ಹೇಳುವ ದೂರು ಒಂದೇ: "ಮೀಟರ್‌ನ್ಯಾಗ ನಾಕು ಕಡ್ಡಿ ಇತ್ರೀ ಅಣ್ಣಾ, ಏರಿನ್ಯಾಗ ಒಮ್ಮಿಗ್ಲೆ ಬಂದ್ ಬಿತ್ತು." ಡ್ರೈವರ್ ತಪ್ಪಿಲ್ಲ, ಬ್ಯಾಟರಿಯೂ ಕೆಟ್ಟಿಲ್ಲ. ಹಳೆಯ ಮೀಟರ್‌ಗೆ ಹೊಸ ಬ್ಯಾಟರಿಯ ಲೆಕ್ಕ ಗೊತ್ತಿಲ್ಲ, ಅಷ್ಟೇ.

ಇಲ್ಲಿ ನೋಡುತ್ತಿರುವುದು 8 ವೋಲ್ಟಿನ ಆರು ಆಸಿಡ್ ಬ್ಯಾಟರಿ ತೆಗೆದು ಕೂರಿಸುವ 51.2 ವೋಲ್ಟ್, 105 ಆಂಪಿಯರ್-ಅವರ್ ಲಿಥಿಯಂ ಐರನ್ ಫಾಸ್ಫೇಟ್ ಕಿಟ್. ಒಳಗೆ 3.2 ವೋಲ್ಟಿನ 16 ಸೆಲ್ ಸಾಲಾಗಿವೆ, ಒಟ್ಟು ಸುಮಾರು 5.4 ಯೂನಿಟ್ ಕರೆಂಟ್ ಹಿಡಿಯುತ್ತದೆ. ಆಸಿಡ್ ಸೆಟ್ಟಿನ 170 ಕೆಜಿ ಆಸುಪಾಸಿನ ಭಾರ 50 ಕೆಜಿಯ ಹತ್ತಿರಕ್ಕೆ ಇಳಿಯುತ್ತದೆ. ಬ್ಯಾಟರಿ ನೀರು ಹಾಕುವ ಕೆಲಸವೇ ಇಲ್ಲ. ಚಾರ್ಜ್ ಇಳಿಯುತ್ತ ಬಂದರೂ ಎಳೆತ ಸೊರಗುವುದಿಲ್ಲ. ಇದಕ್ಕೆಲ್ಲ ಪೂರ್ತಿ ಅಂಕ ಕೊಡಬಹುದು.

ಪೆಟ್ಟು ಬೀಳುವುದು ವೋಲ್ಟೇಜ್ ಓದುವಲ್ಲಿ. 48 ವೋಲ್ಟ್ ಆಸಿಡ್ ಸೆಟ್ ಪೂರ್ತಿ ತುಂಬಿ, ಸ್ವಲ್ಪ ಹೊತ್ತು ಸುಮ್ಮನೆ ನಿಂತಾಗ 50.9 ತೋರಿಸುತ್ತದೆ. ಅರ್ಧ ಖಾಲಿಯಾದರೆ 48.4ರ ಸುಮಾರಿಗೆ ಬರುತ್ತದೆ. ಹಳೆಯ ಮೀಟರಿನ ಕಡ್ಡಿಗಳನ್ನು ಹಂಚಿರುವುದು ಈ ಇಳಿಜಾರಿನ ಮೇಲೆ. ಲಿಥಿಯಂ ಪ್ಯಾಕ್ ಚಾರ್ಜರ್‌ನಲ್ಲಿ 58.4ಕ್ಕೆ ಏರುತ್ತದೆ, ತೆಗೆದು ಒಂದು ಗಂಟೆ ಬಿಟ್ಟರೆ 54ರ ಹತ್ತಿರ ಕೂರುತ್ತದೆ. ಅಲ್ಲಿಂದ ಶೇ. 70ರಿಂದ ಶೇ. 30ಕ್ಕೆ ಇಳಿದರೂ ವ್ಯತ್ಯಾಸ ಒಂದು ವೋಲ್ಟ್ ಚಿಲ್ಲರೆ. ಶೇ. 20 ಉಳಿದಾಗಲೂ 51.2ರ ಆಸುಪಾಸಿನಲ್ಲೇ ಇರುತ್ತದೆ. ಅಂದರೆ ಬರಿದಾಗುತ್ತಿರುವ ಲಿಥಿಯಂ, ತುಂಬಿದ ಆಸಿಡ್ ಬ್ಯಾಟರಿಗಿಂತ ಹೆಚ್ಚು ವೋಲ್ಟೇಜ್ ತೋರಿಸುತ್ತಿದೆ! ಹಳೆಯ ಮೀಟರ್ ಪಾಪ ಅದನ್ನು "ಫುಲ್" ಎಂದೇ ಓದುತ್ತದೆ. ಶೇ. 10ರ ಕೆಳಗೆ ವೋಲ್ಟೇಜ್ ಬಾವಿಗೆ ಬಿಟ್ಟ ಕೊಡದ ಹಾಗೆ ಇಳಿಯುತ್ತದೆ. ಹದಿನಾರರಲ್ಲಿ ಒಂದೇ ಒಂದು ಸೆಲ್ 2.5 ವೋಲ್ಟ್ ಮುಟ್ಟಿದರೂ ಸಾಕು, ಬಿಎಂಎಸ್ (ಪ್ಯಾಕ್ ಒಳಗೆ ಸೆಲ್ಲುಗಳನ್ನು ಕಾಯುವ ಸರ್ಕ್ಯೂಟ್) ಇಡೀ ಪ್ಯಾಕಿನ ಕರೆಂಟನ್ನು ಕತ್ತರಿಸುತ್ತದೆ. ಕೆಲವು ಪ್ಯಾಕ್‌ಗಳಲ್ಲಿ ಈ ಗೆರೆ ಇನ್ನೂ ಮೇಲೇ ಇರುತ್ತದೆ.

ಹಾಗಾಗಿ ಕಿಟ್‌ನೊಂದಿಗೆ ಶಂಟ್ ಇರುವ ಮೀಟರ್, ಇಲ್ಲವೇ ಬಿಎಂಎಸ್‌ನಿಂದಲೇ ಶೇಕಡಾ ಲೆಕ್ಕ ತೆಗೆದುಕೊಳ್ಳುವ ಡಿಸ್‌ಪ್ಲೇ ಬರಲೇಬೇಕು. ಶಂಟ್ ಒಳಹೋದ, ಹೊರಬಂದ ಆಂಪಿಯರ್‌ಗಳನ್ನು ಎಣಿಸುತ್ತದೆ. ಬರೀ ವೋಲ್ಟ್ ಮೀಟರ್ ಕೊಟ್ಟು "ಇದೇ ಸಾಕು" ಎನ್ನುವ ಅಂಗಡಿಯಲ್ಲಿ ಕೊಳ್ಳಬೇಡಿ.

ಎರಡನೆಯದು, ಆಂಪಿಯರ್-ಅವರ್ ನೋಡಿ ಮರುಳಾಗಬೇಡಿ, ಬಿಎಂಎಸ್ ಎಷ್ಟು ಆಂಪಿಯರ್ ಬಿಡುತ್ತದೆ ಕೇಳಿ. ಆರು ಜನ, ಮೇಲೆ ಸೂಟ್‌ಕೇಸು, ಬೀಚಿನಿಂದ ರಿಸೆಪ್ಶನ್‌ಗೆ ಏರುವ ಕೆಂಪು ಜಂಬಿಟ್ಟಿಗೆಯ ದಾರಿ. ಅಲ್ಲಿ ಮೋಟಾರು 10 ಕಿಲೋವ್ಯಾಟ್ ಎಳೆದರೆ ಸುಮಾರು 200 ಆಂಪಿಯರ್ ಆಯಿತು. ನಿಂತಲ್ಲಿಂದ ಹೊರಡುವಾಗ ಕಂಟ್ರೋಲರ್ (ಮೋಟಾರಿಗೆ ಕರೆಂಟ್ ಅಳೆದು ಬಿಡುವ ಪೆಟ್ಟಿಗೆ) ಇನ್ನೂ ಹೆಚ್ಚು ಕೇಳುತ್ತದೆ. ನೂರು ಆಂಪಿಯರ್ ಬಿಎಂಎಸ್ ಅಲ್ಲಿ ಕೈ ಎತ್ತುತ್ತದೆ. ಕಂಟ್ರೋಲರ್ ಮೇಲೆ ಬರೆದಿರುವ ಗರಿಷ್ಠ ಆಂಪಿಯರ್ ಓದಿ, ಅಷ್ಟನ್ನು ಬಿಎಂಎಸ್ ಎಷ್ಟು ಸೆಕೆಂಡ್ ತಾಳಿಕೊಳ್ಳುತ್ತದೆ ಎಂದು ಬರಹದಲ್ಲಿ ಪಡೆಯಿರಿ.

"48 ವೋಲ್ಟ್" ಎಂಬ ಚೀಟಿಯನ್ನೂ ನಂಬಬೇಡಿ. 15 ಸೆಲ್ಲಿನ ಪ್ಯಾಕಿಗೂ ಅದೇ ಹೆಸರು, 16 ಸೆಲ್ಲಿನದಕ್ಕೂ ಅದೇ. 15 ಸೆಲ್ಲಿನದು ತುಂಬುವುದು 54.75ಕ್ಕೆ. ಅದಕ್ಕೆ 58.4ರ ಚಾರ್ಜರ್ ಕೊಟ್ಟರೆ ಪ್ರತಿ ಸೆಲ್ಲಿನ ಮೇಲೂ 3.89 ವೋಲ್ಟ್ ಬೀಳುತ್ತದೆ, ತಡೆಯಲು ಇರುವುದು ಬಿಎಂಎಸ್ ಒಂದೇ. ಹಳೆಯ ಆಸಿಡ್ ಚಾರ್ಜರ್ ಅಂತೂ ಮುಟ್ಟಲೇಬೇಡಿ: ಈಕ್ವಲೈಜ್ ಹಂತದಲ್ಲಿ (ಆಸಿಡ್ ಸೆಲ್ಲುಗಳನ್ನು ಸಮಗೊಳಿಸುವ ಹೆಚ್ಚುವರಿ ಚಾರ್ಜ್) ಅದು 60 ವೋಲ್ಟ್ ದಾಟುತ್ತದೆ. ಬಿಎಂಎಸ್ ಪ್ಯಾಕನ್ನು ಬಂದ್ ಮಾಡಿ ಮಲಗಿದ್ದರೆ ಎದುರಿಗೆ ವೋಲ್ಟೇಜ್ ಕಾಣದೆ ಹಲವು ಚಾರ್ಜರ್‌ಗಳು ಶುರುವೇ ಆಗುವುದಿಲ್ಲ.

ಇಳಿಜಾರಿನ ಮಾತು ಹೇಳಲೇಬೇಕು, ಇದರಲ್ಲಿ ಜೀವದ ಪ್ರಶ್ನೆ ಇದೆ. ಬೆಳಿಗ್ಗೆ ಪೂರ್ತಿ ತುಂಬಿದ ಬಗ್ಗಿ ಮೇಲಿನ ಶೆಡ್ಡಿನಿಂದ ಕೆಳಗೆ ಹೊರಟಿತು ಅನ್ನಿ. ರೀಜೆನ್ ಬ್ರೇಕ್ ಇರುವ ಗಾಡಿಯಲ್ಲಿ ಮೋಟಾರು ಕರೆಂಟನ್ನು ವಾಪಸ್ ಬ್ಯಾಟರಿಗೆ ತಳ್ಳುತ್ತದೆ. ಒಳಗೆ ಜಾಗವಿಲ್ಲ, ಬಿಎಂಎಸ್ ಬಾಗಿಲು ಹಾಕುತ್ತದೆ, ಮೋಟಾರಿನ ಹಿಡಿತ ಥಟ್ಟನೆ ತಪ್ಪುತ್ತದೆ. ಅಂಥ ಗಾಡಿಗಳ ಚಾರ್ಜನ್ನು ಶೇ. 90–95ಕ್ಕೆ ನಿಲ್ಲಿಸಿ, ಕಂಟ್ರೋಲರ್‌ನಲ್ಲಿ ರೀಜೆನ್ ಇಳಿಸಿ. ಕಾಲಿನ ಬ್ರೇಕ್ ಒಂದೇ ಗಾಡಿ ನಿಲ್ಲಿಸುತ್ತದೆಯೇ ಎಂದು ಪ್ರಯಾಣಿಕರಿಲ್ಲದಾಗ ಪರೀಕ್ಷಿಸಿ. ಆದರೆ ವಾರಕ್ಕೊಮ್ಮೆ ಸಮತಟ್ಟು ಜಾಗದಲ್ಲಿ ಪೂರ್ತಿ ತುಂಬಿಸಲೇಬೇಕು. ಹೆಚ್ಚಿನ ಬಿಎಂಎಸ್‌ಗಳು ಸೆಲ್ಲುಗಳನ್ನು ಸರಿದೂಗಿಸುವುದು ಪ್ರತಿ ಸೆಲ್ 3.4 ವೋಲ್ಟ್ ದಾಟಿದ ಮೇಲೆಯೇ.

ಉಪ್ಪುಗಾಳಿಗೆ ತಾಮ್ರದ ಲಗ್ಗಿಗೆ (ಕೇಬಲ್ ತುದಿಯಲ್ಲಿ ಬೋಲ್ಟ್ ಹಾಕುವ ತುಂಡು) ಹಸಿರು ಕಿಲುಬು ಬರುತ್ತದೆ. ಒಂದು ಮಿಲಿಓಮ್ ತಡೆ ಬಂದರೂ 200 ಆಂಪಿಯರ್‌ನಲ್ಲಿ ಅಲ್ಲಿ 40 ವ್ಯಾಟ್ ಬಿಸಿ ಹುಟ್ಟುತ್ತದೆ, ಒಂದು ಸೋಲ್ಡರಿಂಗ್ ಐರನ್ನಿನಷ್ಟು. ಕೇಬಲ್ಲಿನ ಸಿಪ್ಪೆ ಕರಗುವುದು ಹೀಗೇ. ಲಗ್ ಉಜ್ಜಿ, ತಯಾರಕರು ಹೇಳಿದ ಟಾರ್ಕ್‌ಗೆ ಬಿಗಿದು, ಮೇಲೆ ವ್ಯಾಸಲಿನ್ ಸವರಿ. ಖಾಲಿಯಾದ ಟ್ರೇಯಲ್ಲಿ ಪ್ಯಾಕ್ ಅಲುಗದಂತೆ ಬ್ರಾಕೆಟ್ ಹಾಕಿಸಿ.

ಮಳೆಗಾಲದಲ್ಲಿ ಗಾಡಿ ನಿಲ್ಲಿಸುವಾಗ ಮೀಟರಿನಲ್ಲಿ ಶೇ. 50–60 ಇರಲಿ, ಮೇನ್ ಸ್ವಿಚ್ ಆಫ್ ಮಾಡಿ. ಲೈಟಿಗೆ 12 ವೋಲ್ಟ್ ಕೊಡುವ ಕನ್ವರ್ಟರ್ ಸುಮ್ಮನೆ ಕೂತೂ ಕರೆಂಟ್ ಹೀರುತ್ತದೆ. ಜೂನ್‌ನಲ್ಲಿ ಬಿಟ್ಟದ್ದನ್ನು ಅಕ್ಟೋಬರ್‌ನಲ್ಲಿ ನೋಡಿದರೆ ಪ್ಯಾಕ್ ಏಳುವುದೇ ಇಲ್ಲ.