ಹೈಪರ್‌ಬಾರಿಕ್ ಆಕ್ಸಿಜನ್: ಶುಗರ್ ಇರುವವರು ಚೇಂಬರ್ ಆರಿಸುವ ಮುನ್ನ

ಹೈಪರ್‌ಬಾರಿಕ್ ಆಕ್ಸಿಜನ್ ಎಂಬ ಒಂದೇ ಹೆಸರಿನಲ್ಲಿ ಬೆಂಗಳೂರಿನಲ್ಲಿ ಎರಡು ಬೇರೆ ಸೇವೆಗಳು ಸಿಗುತ್ತವೆ. ಒಂದು, ಆಸ್ಪತ್ರೆಯ ಗಟ್ಟಿ ಚೇಂಬರ್: ಅಕ್ರಿಲಿಕ್ ಕೊಳವೆ ಅಥವಾ ಉಕ್ಕಿನ ಕೋಣೆ, 2ರಿಂದ 2.5 ಎಟಿಎ ಒತ್ತಡ (1 ಎಟಿಎ ಎಂದರೆ ಸಮುದ್ರಮಟ್ಟದ ಗಾಳಿಯ ಒತ್ತಡ), ಉಸಿರಾಡಲು ಶುದ್ಧ ಆಕ್ಸಿಜನ್. ಇನ್ನೊಂದು, ವೆಲ್‌ನೆಸ್ ಕ್ಲಿನಿಕ್‌ಗಳ ಜಿಪ್ ಹಾಕುವ ಮೆತ್ತನೆಯ ಚೀಲ. ವಾಸಿಯಾಗದ ಕಾಲಿನ ಹುಣ್ಣಿಗೆ ಮೊದಲನೆಯದನ್ನು ಯೋಚಿಸಬಹುದು. ‘ಹಾರ್ಟ್ ಪಂಪಿಂಗ್ ಹೆಚ್ಚುತ್ತದೆ’ ಎಂದು ಯಾರಾದರೂ ಕರೆದರೆ ಎರಡಕ್ಕೂ ದುಡ್ಡು ಹಾಕಬೇಡಿ.

ಚೀಲದ ಮೇಲೆ 1.3 ಎಟಿಎ ಎಂದು ಬರೆದಿರುತ್ತದೆ. ಅದು ಸಮುದ್ರಮಟ್ಟದ ಲೆಕ್ಕ. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ, ಇಲ್ಲಿನ ಗಾಳಿಯ ಒತ್ತಡವೇ 0.9ರ ಆಸುಪಾಸು. ಪಂಪ್ ಅದಕ್ಕೆ ಸೇರಿಸುವುದು 4 ಪಿಎಸ್‌ಐ, ಅಂದರೆ 0.27 ಎಟಿಎ. ಒಟ್ಟು 1.2ನ್ನೂ ಮುಟ್ಟುವುದಿಲ್ಲ. ಒಳಗೆ ಮಾಮೂಲಿ ಗಾಳಿ ತುಂಬಿದ್ದರೆ ಸಿಗುವ ಆಕ್ಸಿಜನ್, ಸಮುದ್ರಮಟ್ಟದಲ್ಲಿ ಶೇ. 25ರ ಆಕ್ಸಿಜನ್ ಉಸಿರಾಡಿದಷ್ಟೇ. ಗಟ್ಟಿ ಚೇಂಬರ್‌ನವರನ್ನೂ ಕೇಳಿ: ಮೀಟರ್ ತೋರಿಸುವುದು ಗೇಜ್ ಒತ್ತಡವೋ (ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚು ಎಂಬುದು), ಒಟ್ಟು ಒತ್ತಡವೋ?

ಹೃದಯದ ವಿಷಯ ಜಾಹೀರಾತಿಗೆ ತದ್ವಿರುದ್ಧ. ಗಟ್ಟಿ ಚೇಂಬರ್‌ನಲ್ಲಿ ಸಿಗುವಷ್ಟು ಆಕ್ಸಿಜನ್ ರಕ್ತಕ್ಕೆ ಸೇರಿದಾಗ ರಕ್ತನಾಳಗಳು ಬಿಗಿಯಾಗುತ್ತವೆ, ನಾಡಿ ನಿಧಾನವಾಗುತ್ತದೆ, ಬಿಪಿ ಏರಬಹುದು, ಹೃದಯ ಹೊರದೂಡುವ ರಕ್ತ ಕಡಿಮೆಯಾಗುತ್ತದೆ. ಗಟ್ಟಿಮುಟ್ಟಾದ ಹೃದಯ ಇದನ್ನು ತಾಳಿಕೊಳ್ಳುತ್ತದೆ. ಬಹಳ ವರ್ಷದಿಂದ ಶುಗರ್ ಇರುವವರಲ್ಲಿ ಹೃದಯದ ಗೋಡೆ ಗಡುಸಾಗಿ, ಸರಿಯಾಗಿ ಸಡಿಲಗೊಳ್ಳದೆ ಇರುವುದು ಸಾಮಾನ್ಯ. ಎಕೋ ರಿಪೋರ್ಟ್‌ನಲ್ಲಿ ಇ.ಎಫ್. (ಪ್ರತಿ ಬಡಿತಕ್ಕೆ ಹೃದಯ ಹೊರದೂಡುವ ರಕ್ತದ ಶೇಕಡಾ ಪ್ರಮಾಣ) 60 ಎಂದಿದ್ದರೆ ಮನೆಯವರು ನಿರಾಳವಾಗುತ್ತಾರೆ. ಅದರ ಕೆಳಗೇ ‘ಗ್ರೇಡ್ 2 ಡಯಾಸ್ಟಾಲಿಕ್ ಡಿಸ್‌ಫಂಕ್ಷನ್’ ಎಂದಿದ್ದರೆ, ಅಂದರೆ ಹೃದಯ ಸರಿಯಾಗಿ ಸಡಿಲಗೊಳ್ಳುತ್ತಿಲ್ಲ ಎಂದಿದ್ದರೆ, ಅದನ್ನು ಯಾರೂ ಓದುವುದಿಲ್ಲ. ಇಂಥ ಹೃದಯದ ಮೇಲೆ ಹೊರೆ ಬಿದ್ದರೆ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಬಹುದು. ಅಪರೂಪ ನಿಜ, ಆದರೆ 2001ರಲ್ಲೇ ವರದಿಯಾಗಿದೆ, ಸಾವೂ ಸಂಭವಿಸಿದೆ. ಕೆಲವು ಸಣ್ಣ ಅಧ್ಯಯನಗಳಲ್ಲಿ ಹಲವು ಸಿಟ್ಟಿಂಗ್‌ಗಳ ನಂತರ ಎಕೋ ಅಳತೆಗಳು ತುಸು ಸುಧಾರಿಸಿವೆ. ಅಷ್ಟನ್ನೇ ನಂಬಿ ಹೃದಯಕ್ಕೆಂದು ಚೇಂಬರ್ ಬರೆದುಕೊಡುವಂತಿಲ್ಲ.

ಹಾಗಾಗಿ ಸೆಂಟರ್‌ನ ಸೋಫಾ, ಎಸಿ ನೋಡಬೇಡಿ, ಮೊದಲ ದಿನ ಏನೇನು ಕೇಳುತ್ತಾರೆ ನೋಡಿ. ಇತ್ತೀಚಿನ ಎಕೋ, ಇಸಿಜಿ, ಎದೆಯ ಎಕ್ಸ್‌ರೇ, ಕಿವಿ ಪರೀಕ್ಷೆ ಇಷ್ಟೂ ಆಗಬೇಕು. ಇ.ಎಫ್. 40ಕ್ಕಿಂತ ಕಡಿಮೆ ಇದ್ದರೆ, ಅಥವಾ ಮಲಗಿದಾಗ ಉಬ್ಬಸ ಬರುತ್ತಿದ್ದರೆ, ಹೃದ್ರೋಗ ತಜ್ಞರ ಒಪ್ಪಿಗೆ ಇಲ್ಲದೆ ಒಳಗೆ ಬಿಡಬಾರದು. ಜಯದೇವದಲ್ಲಿ ತೋರಿಸುವವರು ಆ ಫೈಲನ್ನೇ ಕೊಂಡೊಯ್ಯಿರಿ. ಪೇಸ್‌ಮೇಕರ್ ಇದ್ದರೆ ಅದು ಎಷ್ಟು ಒತ್ತಡ ತಾಳುತ್ತದೆ ಎಂದು ಕಂಪನಿಯಿಂದ ಬರೆಸಿಕೊಂಡಿರಬೇಕು.

ಒಳಗಿದ್ದಾಗ ಶುಗರ್ ಇಳಿಯಬಹುದು, ಇನ್ಸುಲಿನ್ ತೆಗೆದುಕೊಳ್ಳುವವರು ಹೆಚ್ಚು ಎಚ್ಚರದಿಂದಿರಬೇಕು. ಬೆಳಗಿನ ಸಿಟ್ಟಿಂಗ್‌ಗೆ ಖಾಲಿ ಹೊಟ್ಟೆ ಬೇಡ, ಎರಡು ಇಡ್ಲಿಯಾದರೂ ತಿಂದು ಹೊರಡಿ. ಒಳಹೋಗುವ ಮುನ್ನ ಶುಗರ್ 120ಕ್ಕಿಂತ ಕಡಿಮೆ ಇದ್ದರೆ ಏನಾದರೂ ತಿನ್ನಿಸಿ ಮತ್ತೆ ನೋಡಬೇಕು, 300 ದಾಟಿದ್ದರೆ ಅಂದಿಗೆ ಬಿಡಬೇಕು. ಶುಗರ್ ತೀರಾ ಇಳಿದರೆ ಫಿಟ್ಸ್ ಅಪಾಯ ಹೆಚ್ಚು. ಬೀಟಾ ಬ್ಲಾಕರ್ (ಬಿಪಿ, ಹೃದಯಕ್ಕೆ ಕೊಡುವ, ನಾಡಿ ನಿಧಾನಿಸುವ ಮಾತ್ರೆ) ನುಂಗುವವರಿಗೆ ಎದೆಬಡಿತದ ಮುನ್ಸೂಚನೆ ಸಿಗದೇ ಹೋಗಬಹುದು, ಬೆವರನ್ನು ಗಮನಿಸಬೇಕು. ಇನ್ನೊಂದು ಸೂಕ್ಷ್ಮ: ಶುಗರ್ ಮೀಟರ್‌ಗೆ ಹಾಕುವ ಸ್ಟ್ರಿಪ್‌ಗಳಲ್ಲಿ ಗ್ಲೂಕೋಸ್ ಆಕ್ಸಿಡೇಸ್ ಬಗೆಯವು ಆಕ್ಸಿಜನ್ ಹೆಚ್ಚಿರುವ ರಕ್ತದಲ್ಲಿ ನಿಜಕ್ಕಿಂತ ಕಡಿಮೆ ತೋರಿಸಬಹುದು. ಇನ್ನೊಂದು ಬಗೆಯಾದ ಡಿಹೈಡ್ರೋಜಿನೇಸ್ ಸ್ಟ್ರಿಪ್ ಇಟ್ಟುಕೊಂಡ ಸೆಂಟರ್‌ಗೆ ಕೆಲಸ ಗೊತ್ತಿದೆ ಎನ್ನಬಹುದು.

ಆಕ್ಸಿಜನ್ ತುಂಬಿದ ಕೊಳವೆಗೆ ಒಂದು ಕಿಡಿ ಸಾಕು. ತಲೆಗೆ ಕೊಬ್ಬರಿ ಎಣ್ಣೆ, ಕಾಲಿಗೆ ವ್ಯಾಸಲೀನ್, ಪಾಲಿಯೆಸ್ಟರ್ ಸೀರೆ, ಮೊಬೈಲ್ ಯಾವುದೂ ಒಳಗೆ ಹೋಗಕೂಡದು. ಅವರು ಕೊಡುವ ಹತ್ತಿ ಗೌನ್, ಮಣಿಕಟ್ಟಿಗೆ ಅರ್ತಿಂಗ್ ಪಟ್ಟಿ ಕಡ್ಡಾಯ. ಇವನ್ನು ಕೇಳದ ಕಡೆಯಿಂದ ಎದ್ದು ಬನ್ನಿ.

ಹುಣ್ಣಿನ ವಿಷಯದಲ್ಲೂ ಸಾಕ್ಷ್ಯ ಏಕಮುಖವಾಗಿಲ್ಲ. 2010ರ ಸ್ವೀಡನ್ ಅಧ್ಯಯನದಲ್ಲಿ ವರ್ಷದೊಳಗೆ ವಾಸಿಯಾದವರು ಶೇ. 52, ಚೇಂಬರ್‌ನಲ್ಲಿ ಆಕ್ಸಿಜನ್ ಬದಲು ಮಾಮೂಲಿ ಗಾಳಿ ಪಡೆದವರಲ್ಲಿ ಶೇ. 29. 2018ರ ನೆದರ್ಲೆಂಡ್ಸ್ ಅಧ್ಯಯನದಲ್ಲಿ ಸ್ಪಷ್ಟ ಲಾಭ ಕಾಣಲಿಲ್ಲ. ಆದ್ದರಿಂದ ಮೊದಲು ಕಾಲಿನ ಡಾಪ್ಲರ್ (ರಕ್ತದ ಹರಿವು ನೋಡುವ ಸ್ಕ್ಯಾನ್) ಆಗಲಿ. ಮುಚ್ಚಿದ ರಕ್ತನಾಳವನ್ನು ಚೇಂಬರ್ ತೆರೆಯುವುದಿಲ್ಲ. 40 ಸಿಟ್ಟಿಂಗ್‌ಗಳ ಪ್ಯಾಕೇಜ್‌ಗೆ ಮುಂಗಡ ಕಟ್ಟಬೇಡಿ, ಗಾಯದ ಉದ್ದ ಅಗಲ ಪ್ರತಿವಾರ ಬರೆಸಿಕೊಳ್ಳಿ. ಕೆಲವರಿಗೆ 20 ಸಿಟ್ಟಿಂಗ್ ದಾಟಿದ ಮೇಲೆ ಬಸ್ಸಿನ ಬೋರ್ಡು ಮಂಜಾಗುತ್ತದೆ. ಸಾಮಾನ್ಯವಾಗಿ ತಾನಾಗಿ ಸರಿಹೋಗುತ್ತದೆ, ಹೊಸ ಕನ್ನಡಕ ಮಾಡಿಸಲು ಚಿಕಿತ್ಸೆ ಮುಗಿದು ಎರಡು ಮೂರು ತಿಂಗಳು ಕಳೆಯಲಿ.